ಚೆಂಗಪ್ಪ, ಕೆಂಚಿ, ರೋಹಿಣಿ: ಹೆಸರುಗಳೊಳಗಿನ ಕೆಂಪು

ಪ್ರಶ್ನೆ: ನಾನು ವಿರಾಜಪೇಟೆ ತಾಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ. ನನ್ನ ಅಜ್ಜನ ಹೆಸರು ಚೆಂಗಪ್ಪ. ಈಗ ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಾಳೆ. ಅಜ್ಜನ ಹೆಸರಿನ ಅರ್ಥ ಉಳಿಯುವಂಥ ಹೆಸರನ್ನು ಅವಳಿಗೆ ಇಡಬೇಕೆಂಬುದು ನನ್ನ ಆಸೆ. ಚೆಂಗಪ್ಪ ಎಂದರೆ ಕೆಂಪಪ್ಪ ಎಂದೇ ಅರ್ಥ ಎಂದು ಅಣ್ಣ ಹೇಳುತ್ತಾರೆ. ಅಲ್ಲ, ಅದು ಚಂಗಾಳ್ವ ಅರಸರಿಂದ ಬಂದದ್ದು ಎಂದು ಭಾವ ವಾದಿಸುತ್ತಾರೆ. ಡಬ್ಲಿನ್‌ನಲ್ಲಿರುವ ಮಗನಿಗೆ ರೋರಿ ಎಂಬ ಸ್ನೇಹಿತನಿದ್ದಾನೆ. ಆ ಹೆಸರಿಗೆ ‘ಕೆಂಪು ರಾಜ’ ಎಂದು ಅರ್ಥವಂತೆ. ಇಂಗ್ಲಿಷಿನ ರೆಡ್, ಸಂಸ್ಕೃತದ ರೋಹಿತ, ನಮ್ಮ ಕೆಂಪು ಎಲ್ಲದರ ಮೂಲವೂ ಒಂದೇ ಇರಬೇಕು, ಮಗುವಿಗೆ ರೋಹನಾ ಎಂದಿಡೋಣ ಎನ್ನುತ್ತಾನೆ ಅವನು. ಇನ್ನೊಂದು ವಿಷಯ. ನನ್ನ ತರಗತಿಯಲ್ಲಿ ಕೆಂಚಿ ಎಂಬ ಹುಡುಗಿಯಿದ್ದಾಳೆ. ಮನೆಯವರು ಕಾಫಿ ತೋಟದ ಲೈನ್ ಮನೆಯಲ್ಲಿದ್ದಾರೆ. ‘ಇದು ನಾಯಿಯ ಹೆಸರು’ ಎಂದು ಮಕ್ಕಳು ಛೇಡಿಸುತ್ತಾರೆ. ಹೆಸರು ಬದಲಿಸಿಕೊಡಿ ಎಂದು ಅವಳು ನನ್ನನ್ನು ಕೇಳುತ್ತಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ಕೆಂಚಿಯ ಮಾತನ್ನು ನೀವು ಕೊನೆಗೆ ಇಟ್ಟಿದ್ದೀರಿ, ನಾನು ಅಲ್ಲಿಂದಲೇ ಹೊರಡುತ್ತೇನೆ. ಅಜ್ಜನ ಹೆಸರಿನ ಚರ್ಚೆ ಇನ್ನೂ ಹತ್ತು ದಿನ ಕಾದೀತು, ಆ ಮಗು ನಾಳೆ ಬೆಳಿಗ್ಗೆ ಮತ್ತೆ ತರಗತಿಗೆ ಬರಬೇಕು.

ಕೊಡಗಿನ ಉತ್ತರಕ್ಕೆ ಹಾಸನ ಜಿಲ್ಲೆ. ಅಲ್ಲಿನ ಆಲೂರು ತಾಲೂಕಿನಲ್ಲಿ ಕೆಂಚಮ್ಮನ ಹೊಸಕೋಟೆ ಎಂಬ ಊರಿದೆ. ಊರಿನ ಹೆಸರೇ ದೇವಿಯ ಹೆಸರು. ಆ ಸೀಮೆಯ ಎಷ್ಟೋ ಮನೆಗಳಿಗೆ ಕೆಂಚಮ್ಮ ಮನೆದೇವರು. ಅವಳ ಹೆಸರಿನಿಂದ ಕೆಂಚಮ್ಮ, ಕೆಂಚಪ್ಪ, ಕೆಂಚೇಗೌಡ ಎಂದು ಮಕ್ಕಳಿಗೆ ಹೆಸರಿಟ್ಟುಕೊಂಡು ಬಂದಿದ್ದಾರೆ. ಕೆಂಚ ಎಂದರೆ ಕೆಂಪು ಬೆರೆತ ಕಂದು ಬಣ್ಣದವನು, ಕೆಂಚಿ ಅದರ ಸ್ತ್ರೀಲಿಂಗ. ಕೆಂಚುಗೂದಲು ಎಂದು ನಾವು ಹೇಳುವುದು ಇದೇ ಬಣ್ಣಕ್ಕೆ. ಶಿವನ ಜಟೆಯನ್ನು ನಮ್ಮ ಕವಿಗಳು ಕೆಂಜೆಡೆ ಎಂದು ಕರೆದರು. ಅದೇ ಬಣ್ಣದ ನಾಯಿಗೋ ಎತ್ತಿಗೋ ಆ ಹೆಸರು ಬಿದ್ದಿದ್ದರೆ ಅದು ಬಣ್ಣವನ್ನು ನೋಡಿ ಬಿದ್ದದ್ದು. ನಾಯಿಗೆ ರಾಜ, ರಾಣಿ ಎಂದೂ ಹೆಸರಿಡುವವರಿದ್ದಾರೆ. ಹಾಗೆಂದು ಶಾಲೆಯ ರಾಜನನ್ನೋ ರಾಣಿಯನ್ನೋ ಯಾರೂ ಛೇಡಿಸುವುದಿಲ್ಲ.

ಇದೇ ಬೇರಿನ ಹೆಸರು ಹೊತ್ತವರು ಯಾರು ಯಾರು ಎಂದು ಆ ಮಕ್ಕಳಿಗೆಲ್ಲ ಒಟ್ಟಿಗೆ ಹೇಳಿ. 1537ರಲ್ಲಿ ಬೆಂಗಳೂರು ಕಟ್ಟಿಸಿದನೆಂದು ಹೆಸರಾದವನು ಕೆಂಪೇಗೌಡ. 1895ರಿಂದ 1902ರವರೆಗೆ, ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಪ್ರಾಯಕ್ಕೆ ಬರುವ ತನಕ, ಮೈಸೂರು ರಾಜ್ಯವನ್ನು ನಡೆಸಿದ ಮಹಾರಾಣಿ ಕೆಂಪನಂಜಮ್ಮಣ್ಣಿ. ಕೋಟೆ ಕಟ್ಟಿದವನ ಹೆಸರಿನಲ್ಲೂ ಸಿಂಹಾಸನದ ಹೊಣೆ ಹೊತ್ತವಳ ಹೆಸರಿನಲ್ಲೂ ಈ ಕೆಂಪು ಇತ್ತು. ಅದು ಕೀಳು ಹೆಸರಾದದ್ದು ತೀರ ಈಚೆಗೆ ಎಂಬುದು ನನ್ನ ಅಭಿಪ್ರಾಯ. ಓದು, ನೌಕರಿ ಸಿಕ್ಕ ಮನೆಗಳು ಒಂದೊಂದಾಗಿ ಸಂಸ್ಕೃತದ ಹೆಸರುಗಳಿಗೆ ಹೊರಳಿದವು. ಕೆಂಪ, ಕೆಂಚಿ, ಕರಿಯ, ಕಾಳಿ ಮುಂತಾದವು ಹೊಲದಲ್ಲಿ, ತೋಟದಲ್ಲಿ, ಕಾಡಿನ ಅಂಚಿನ ಹಾಡಿಗಳಲ್ಲಿ ದುಡಿಯುವವರ ಬಳಿ ಉಳಿದವು. ದುಡಿಯುವವರನ್ನು ಕೀಳಾಗಿ ನೋಡುವ ಕಣ್ಣು ಅವರ ಹೆಸರನ್ನೂ ಕೀಳಾಗಿ ನೋಡಿತು. ಅದೇ ತರಗತಿಯಲ್ಲಿ ಲೋಹಿತ್ ಎಂಬ ಹುಡುಗನಿದ್ದರೆ ಅವನನ್ನು ಯಾರೂ ಛೇಡಿಸಲಾರರು. ಲೋಹಿತ ಎಂದರೂ ಕೆಂಚನೇ! ಅರ್ಥದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಹೆಸರು ಬದಲಿಸುವುದೇ ಬೇಡ ಎಂದು ನಾನು ಹೇಳುವುದಿಲ್ಲ, ಅದು ಆ ಹುಡುಗಿಯ ಮತ್ತು ಅವಳ ಮನೆಯವರ ಹಕ್ಕು. ತನ್ನ ಹೆಸರು ಏನೆಂದು ತಿಳಿದ ಮೇಲೆ ಅವಳು ತೀರ್ಮಾನಿಸಲಿ, ನಾಚಿಕೆಯಿಂದ ಬೇಡ.

ಇನ್ನು ಕೆಂಪು ಎಂಬ ಮಾತಿಗೆ ಬರೋಣ. ಅದರ ಬೇರು ‘ಕೆ’ ಅಥವಾ ‘ಕೆಂ’. ಮುಂದೆ ಬರುವ ಅಕ್ಷರಕ್ಕೆ ತಕ್ಕಂತೆ ಅದರ ಅನುನಾಸಿಕ ಬದಲಾಗುತ್ತದೆ: ಕೆಂಗಣ್ಣು, ಕೆಂಜಿಗ, ಕೆಂದಾವರೆ, ಕೆನ್ನೀರು, ಕೆಮ್ಮಣ್ಣು. ಚಿಕ್ಕಮಗಳೂರಿನ ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದದ್ದು ಅಲ್ಲಿನ ಕೆಂಪು ಮಣ್ಣಿನಿಂದ. ಇದಕ್ಕೆ ‘ಕಿಸು’ ಎಂಬ ಇನ್ನೊಂದು ಹಳೆಯ ರೂಪವೂ ಇತ್ತು. ಪಟ್ಟದಕಲ್ಲನ್ನು ಹಳೆಯ ಶಾಸನಗಳು ಕಿಸುವೊಳಲ್ ಎನ್ನುತ್ತವೆ, ಅಂದರೆ ಕೆಂಪು ಪಟ್ಟಣ. ಆ ಊರಿನ ಕೆಂಪು ಮರಳುಗಲ್ಲನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮನುಷ್ಯರ ಹೆಸರಾದಾಗ ಈ ಕೆಂಪು ಮೂರು ದಾರಿಯಿಂದ ಬಂದಿರಬಹುದು. ಮೊದಲನೆಯದು ಮೈಬಣ್ಣ. ‘ಹುಡುಗಿ ಕೆಂಪಗಿದ್ದಾಳೆ’ ಎಂದು ನಮ್ಮ ಹಿರಿಯರು ಹೇಳಿದರೆ ಬೆಳ್ಳಗಿದ್ದಾಳೆ ಎಂದೇ ಅರ್ಥ. ಕೂಸು ಕೆಂಪಗೆ ಹುಟ್ಟಿತು, ಕೆಂಪ ಎಂದರು. ಎರಡನೆಯದು ದೇವರು. ಕೆಂಪಮ್ಮ, ಕೆಂಚಮ್ಮ ಎಂಬ ಗ್ರಾಮದೇವತೆಗಳ ಹರಕೆಯಿಂದ ಹುಟ್ಟಿದ ಮಗುವಿಗೆ ಆ ಹೆಸರನ್ನೇ ಇಡುತ್ತಾರೆ. ಆಗ ಮಗುವಿನ ಮೈಬಣ್ಣಕ್ಕೂ ಹೆಸರಿಗೂ ಸಂಬಂಧವಿಲ್ಲ. ಕೃಷ್ಣವರ್ಣದ ಕೆಂಪಣ್ಣನನ್ನು ಕಂಡು ನಗುವವರಿಗೆ ಈ ಎರಡನೆಯ ದಾರಿ ತಿಳಿದಿರುವುದಿಲ್ಲ. ಮೂರನೆಯದು ರತ್ನ. ಕನ್ನಡದಲ್ಲಿ ಮಾಣಿಕ್ಯಕ್ಕೆ ಕೆಂಪು ಎಂದೇ ಹೆಸರು. ನಿಮ್ಮ ಮನೆಯ ಹಿರಿಯ ಹೆಂಗಸರ ಕೊಕ್ಕೆತಾತಿಯಲ್ಲಿ, ಪತ್ತಾಕಿನಲ್ಲಿ ಕೂರಿಸಿದ ಕಲ್ಲನ್ನು ಅಕ್ಕಸಾಲಿಗರು ಕೆಂಪು ಎನ್ನುತ್ತಾರೆ. ಹಾಗೆ ನೋಡಿದರೆ ಕೆಂಪಮ್ಮನನ್ನು ಮಾಣಿಕ್ಯಮ್ಮ ಎಂದೂ ಓದಬಹುದು. ಇಂಗ್ಲಿಷಿನ ರೂಬಿಯೂ ಹೀಗೆಯೇ. ಲ್ಯಾಟಿನ್ನಿನ ಕೆಂಪು ಎಂಬ ಮಾತೇ ಅಲ್ಲಿ ಕಲ್ಲಿನ ಹೆಸರಾಯಿತು, ಕಲ್ಲಿನಿಂದ ಹೆಣ್ಣುಮಕ್ಕಳ ಹೆಸರಾಯಿತು.

ಹಳೆಯ ಕೆಂಪು ಇಂದಿನ ಬಣ್ಣದ ಪೆಟ್ಟಿಗೆಯ ಕೆಂಪಿಗಿಂತ ಬಹಳ ಅಗಲವಾದದ್ದು ಎಂಬುದನ್ನೂ ನೆನಪಿಡಬೇಕು. ಕಂದು, ತಾಮ್ರ, ಕಾವಿ, ಹೊಂಬಣ್ಣದ ಅಂಚು ಎಲ್ಲವೂ ಅದರೊಳಗೆ ಸೇರುತ್ತಿದ್ದವು. ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ ಎಂಬ ವಿದ್ವಾಂಸರು ಅನೇಕ ಭಾಷೆಗಳ ಬಣ್ಣದ ಪದಗಳನ್ನು ಹೋಲಿಸಿ 1969ರಲ್ಲಿ ಒಂದು ತೀರ್ಮಾನವನ್ನು ಮುಂದಿಟ್ಟರು: ಒಂದು ಭಾಷೆಗೆ ಬಣ್ಣದ ಮೂಲಪದಗಳು ಮೂರೇ ಇದ್ದರೆ, ಕಪ್ಪು ಬಿಳುಪಿನ ಜೊತೆ ನಿಲ್ಲುವ ಮೂರನೆಯದು ಕೆಂಪು. ನಮ್ಮ ಹಳ್ಳಿಯ ಹೆಸರುಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಕರಿಯ, ಬಿಳಿಯ, ಕೆಂಪ ಇದ್ದಾರೆ. ಹಸುರ, ನೀಲ ಎಂದು ಮೈಬಣ್ಣ ನೋಡಿ ಯಾರೂ ಹೆಸರಿಡಲಿಲ್ಲ.

ಈಗ ನಿಮ್ಮ ಅಜ್ಜನ ಹೆಸರು. ನಿಮ್ಮ ಅಣ್ಣ ಹೇಳುವುದೇ ಸರಿಗೆ ಹತ್ತಿರ ಎಂದು ನನ್ನ ತೀರ್ಮಾನ, ಒಂದು ತಿದ್ದುಪಡಿಯೊಡನೆ.

ದ್ರಾವಿಡ ಭಾಷೆಗಳಲ್ಲಿ ಕೆಲವು ಪದಗಳ ಮೊದಲಿನ ‘ಕ’ಕಾರ, ಅದರ ಮುಂದೆ ಇ, ಎ ಸ್ವರಗಳು ಬಂದಾಗ, ತಮಿಳು ಮತ್ತು ಮಲಯಾಳಂಗಳಲ್ಲಿ ‘ಚ’ಕಾರವಾಯಿತು. ತೆಲುಗಿನಲ್ಲೂ ಹೀಗೆ ಆಯಿತು. ಕನ್ನಡ ಹಳೆಯ ‘ಕ’ವನ್ನೇ ಹಿಡಿದುಕೊಂಡಿತು. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕಿರು ಅವರಿಗೆ ಚಿರು, ನಮ್ಮ ಕೆರೆ ತೆಲುಗರಿಗೆ ಚೆರುವು. ಹಾಗೆಯೇ ನಮ್ಮ ‘ಕೆಂ’ ಅವರಿಗೆ ‘ಚೆಂ’. ನಾವು ಕೆಂದಾವರೆ ಎಂದರೆ ಮಲಯಾಳಿಗಳು ಚೆಂತಾಮರ ಎನ್ನುತ್ತಾರೆ. ಆದರೆ ಮುಂದಿನ ವ್ಯಂಜನ ಮೂರ್ಧನ್ಯವಾಗಿದ್ದರೆ, ಅಂದರೆ ನಾಲಗೆಯನ್ನು ಮೇಲಕ್ಕೆ ಮಡಚಿ ಉಚ್ಚರಿಸುವ ಟ, ಣ, ಳ ಮುಂತಾದವು ಬಂದರೆ, ತಮಿಳು ಮತ್ತು ಮಲಯಾಳಂಗಳಲ್ಲಿ ಈ ಬದಲಾವಣೆ ಆಗಲಿಲ್ಲ. ಅದಕ್ಕೇ ನಮ್ಮ ಕೇಳು ತಮಿಳಿನಲ್ಲೂ ಕೇಳ್, ನಮ್ಮ ಗಿಳಿ ಅಲ್ಲಿ ಕಿಳಿ. ಇಷ್ಟು ಕಟ್ಟುನಿಟ್ಟಾಗಿ ನಡೆಯುವ ನಿಯಮವಿರುವುದರಿಂದಲೇ ‘ಚೆಂ’ ಮತ್ತು ‘ಕೆಂ’ ಒಂದೇ ಮಾತಿನ ಎರಡು ಉಚ್ಚಾರಣೆಗಳೆಂದು ಧೈರ್ಯವಾಗಿ ಹೇಳಬಹುದು. ಕಿವಿಗೆ ಹೋಲಿಕೆ ಕೇಳಿಸಿತೆಂದು ಹೇಳುವ ಮಾತಲ್ಲ ಇದು.

ಕೊಡವ ತಕ್ಕ್, ಅಂದರೆ ಕೊಡವರ ಭಾಷೆ, ಇದರಲ್ಲಿ ಎಲ್ಲಿ ನಿಲ್ಲುತ್ತದೆ? ಕಿವಿಗೆ ಕೊಡವರು ಕೆಮಿ ಎನ್ನುತ್ತಾರೆ, ಚೆವಿ ಎನ್ನುವುದಿಲ್ಲ. ಅಂದರೆ ಅಲ್ಲಿ ಕನ್ನಡದಂತೆ ‘ಕ’ ಉಳಿದಿದೆ. ಆದರೆ ರಕ್ತಕ್ಕೆ ಚೋರೆ ಎನ್ನುತ್ತಾರೆ. ಮಲಯಾಳಂನ ಚೋರ ಅದರ ಪಕ್ಕದಲ್ಲಿದೆ, ಕನ್ನಡದ ನೆತ್ತರು ದೂರದಲ್ಲಿದೆ. ಕೊಡಗಿನ ಮಾತು ಎರಡೂ ಕಡೆಯ ಇಳಿಜಾರಿನ ನೀರು ಕುಡಿದಿದೆ. ಚೆಂಗಪ್ಪ ಎಂಬುದು ‘ಚ’ಕಾರದ ಹೆಸರು. ಪೆರುಂಬಾಡಿಯಿಂದ ಮಾಕುಟ್ಟದ ಘಾಟಿ ಇಳಿದರೆ ಸಿಗುವ ಕಣ್ಣೂರು ಸೀಮೆ, ಕುಟ್ಟದಿಂದಾಚೆಯ ವಯನಾಡು, ಆ ಕಡೆಯ ಉಚ್ಚಾರಣೆ ಇದರಲ್ಲಿ ಕೇಳಿಸುತ್ತದೆ. ಆ ಸಂಪರ್ಕ ಹೊಸದಲ್ಲ. ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಶಿವಾಲಯದ ಊಟ್ಟು ಉತ್ಸವಕ್ಕೆ ಕೊಡವರು ಇಂದಿಗೂ ಎತ್ತುಗಳ ಮೇಲೆ ಅಕ್ಕಿ ಹೊರಿಸಿಕೊಂಡು ಘಟ್ಟ ಇಳಿಯುತ್ತಾರೆ. ಅಕ್ಕಿ ಇಳಿದ ದಾರಿಯಲ್ಲಿ ಹೆಸರುಗಳು ಹತ್ತಿ ಬಂದಿದ್ದರೆ ಆಶ್ಚರ್ಯವೇನಿದೆ? ಬಯಲುಸೀಮೆಯಲ್ಲಿ ಹುಟ್ಟಿದ್ದರೆ ನಿಮ್ಮ ಅಜ್ಜ ಕೆಂಪಣ್ಣನೋ ಕೆಂಚಪ್ಪನೋ ಆಗಿರುತ್ತಿದ್ದರು.

ಇದನ್ನು ಪೊನ್ನಪ್ಪ, ಹೊನ್ನಪ್ಪ ಎಂಬ ಜೋಡಿಯ ಜೊತೆ ಇಟ್ಟು ನೋಡಿ. ಹಳಗನ್ನಡದ ‘ಪ’ಕಾರ 10ನೆಯ ಶತಮಾನದ ಆಚೀಚೆಯಿಂದ ನಿಧಾನವಾಗಿ ‘ಹ’ಕಾರವಾಗುತ್ತ ಬಂತು. ಪೊನ್ನು ಹೊನ್ನಾಯಿತು, ಪೂವು ಹೂವಾಯಿತು. ಕೊಡವರು ಪೊನ್ನಮ್ಮ, ಪೂವಮ್ಮ, ಪೂವಯ್ಯ ಎಂದು ಹಳೆಯದನ್ನೇ ಉಳಿಸಿಕೊಂಡರು. ಪೊನ್ನಪ್ಪನಲ್ಲಿ ಹಳೆಯ ಧ್ವನಿ ಕೊಡಗಿನಲ್ಲಿದೆ, ಹೊಸದು ಬಯಲಿನಲ್ಲಿದೆ. ಚೆಂಗಪ್ಪ, ಕೆಂಚಪ್ಪರ ವಿಷಯದಲ್ಲಿ ಇದು ತಿರುಗುಮುರುಗು: ಹಳೆಯ ‘ಕ’ಕಾರ ಬಯಲಿನಲ್ಲಿದೆ. ಒಂದೇ ಮನೆಯ ಅಣ್ಣತಮ್ಮಂದಿರ ಹೆಸರುಗಳಲ್ಲಿ ಹೀಗೆ ಎರಡು ಕಾಲದ, ಎರಡು ದಿಕ್ಕಿನ ಉಚ್ಚಾರಣೆ ಸೇರಿರುವುದು ಕೊಡಗಿನ ಭಾಗ್ಯ. ಇದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ತಿದ್ದುಪಡಿ ಎಂದೆನಲ್ಲ, ಅದು ಇದು. ತಮಿಳಿನಲ್ಲಿ ‘ಚೆಮ್ಮೈ’ ಎಂದರೆ ಕೆಂಪು ಮಾತ್ರ ಅಲ್ಲ. ನೇರ, ಶ್ರೇಷ್ಠತೆ, ಒಳ್ಳೆಯತನ ಎಂಬ ಅರ್ಥಗಳೂ ಇವೆ. ಶಾಸ್ತ್ರೀಯ ಭಾಷೆಯನ್ನು ಅವರು ‘ಚೆಮ್ಮೊಳಿ’ ಎನ್ನುವುದು ಈ ಎರಡನೆಯ ಅರ್ಥದಲ್ಲಿ. ಕೆಂಪು ಭಾಷೆ ಎಂದಲ್ಲ. ಆದ್ದರಿಂದ ಚೆಂಗಪ್ಪ ಕೆಂಪಗಿದ್ದವನೂ ಹೌದು, ನೆಟ್ಟಗಿದ್ದವನೂ ಹೌದು. ಎರಡನ್ನೂ ಬಿಡಿಸಿ ಒಂದನ್ನೇ ಆರಿಸುವುದಕ್ಕೆ ಹೆಸರಿನಲ್ಲಿ ಸಾಕ್ಷಿ ಇಲ್ಲ. ನೀವು ಎರಡನ್ನೂ ಇಟ್ಟುಕೊಳ್ಳಿ. ಚೆನ್ನಪ್ಪ, ಚಿನ್ನಪ್ಪಗಳ ಜೊತೆ ಮಾತ್ರ ಸೇರಿಸಬೇಡಿ. ಅವು ಚೆನ್ನ, ಚಿನ್ನ ಎಂಬ ಬೇರೆ ಮಾತುಗಳು.

ಈ ‘ಚೆಂ’ ಕನ್ನಡದ ಅಡುಗೆಮನೆಯೊಳಗೂ ಬಂದು ಕುಳಿತಿದೆ. ನಾವು ನೀರು ಕುಡಿಯುವ ಚೆಂಬು ತಮಿಳಿನಲ್ಲಿ ತಾಮ್ರದ ಹೆಸರು. ತಾಮ್ರ ಕೆಂಪು ಲೋಹವಾದ್ದರಿಂದ ಚೆಂಬು, ತಾಮ್ರದಿಂದ ಮಾಡಿದ ಪಾತ್ರೆಯೂ ಚೆಂಬು. ಈಗ ಅದು ಸ್ಟೀಲಿನದಾದರೂ ಹೆಸರು ಬದಲಾಗಿಲ್ಲ.

ಭಾವನವರ ಚಂಗಾಳ್ವ ವಾದವನ್ನು ನಾನು ಒಪ್ಪುವುದಿಲ್ಲ. ಚಂಗಾಳ್ವರು 11ನೆಯ ಶತಮಾನದಿಂದ ಶಾಸನಗಳಲ್ಲಿ ಕಾಣಿಸುವ ಅರಸರು. ಪಿರಿಯಾಪಟ್ಟಣದ ಸುತ್ತಿನ ಸೀಮೆ, ಕೊಡಗಿನ ಪೂರ್ವ ಮತ್ತು ಉತ್ತರ ಭಾಗಗಳು ಅವರ ಕೈಯಲ್ಲಿದ್ದವು. ಅವರು ಆಳಿದ್ದು ಚಂಗನಾಡು. ನಾಡಿನ ಹೆಸರಿಗೆ ‘ಆಳ್ವ’, ಅಂದರೆ ಆಳುವವನು, ಎಂಬುದು ಸೇರಿ ಆದ ಬಿರುದು ಅದು. ಅಲ್ಲಿರುವುದು ‘ಚಂ’, ನಿಮ್ಮಲ್ಲಿರುವುದು ‘ಚೆಂ’. ನಾಡನ್ನು ಆಳುವವನ ಬಿರುದಿನ ಅರ್ಧ ತುಂಡಿಗೆ ‘ಅಪ್ಪ’ ಸೇರಿಸಿ ಮನೆಮಗನಿಗೆ ಹೆಸರಿಟ್ಟರು ಎಂದು ನಂಬಬೇಕಾದರೆ ಧ್ವನಿಯ ಹೋಲಿಕೆಗಿಂತ ಗಟ್ಟಿಯಾದ ಆಧಾರ ಬೇಕು. ಮನೆತನಕ್ಕೆ ರಾಜರ ನಂಟು ಹುಡುಕುವ ಹಂಬಲ ಎಲ್ಲ ಕಡೆಯೂ ಇದೆ. ನಿಮ್ಮ ಅಜ್ಜನ ಹೆಸರಿಗೆ ಅದರ ಅಗತ್ಯವಿಲ್ಲ.

ಇನ್ನು ಮಗನ ಮಾತು. ಅವನ ಊಹೆಯಲ್ಲಿ ಅರ್ಧ ಸತ್ಯ, ಅರ್ಧ ತಪ್ಪು. ಸತ್ಯವಾದ ಅರ್ಧ ನಿಜಕ್ಕೂ ಸೊಗಸಾಗಿದೆ.

ಐರ್ಲೆಂಡಿನ ರೋರಿ, ಇಂಗ್ಲಿಷಿನ ರೆಡ್, ಲ್ಯಾಟಿನ್ನಿನ ರೂಬರ್, ಗ್ರೀಕಿನ ಎರಿತ್ರೋಸ್, ಸಂಸ್ಕೃತದ ರುಧಿರ ಮತ್ತು ರೋಹಿತ, ಇವೆಲ್ಲ ಒಂದೇ ಬೇರಿನವು. ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ಆ ಪದದ ಕೊನೆಗೆ ಮಹಾಪ್ರಾಣ ‘ಧ’ಕಾರವಿತ್ತು. ಸಂಸ್ಕೃತದ ರುಧಿರದಲ್ಲಿ ಅದು ಹಾಗೇ ಉಳಿದಿದೆ, ರೋಹಿತದಲ್ಲಿ ‘ಹ’ಕಾರವಾಗಿದೆ. ಗ್ರೀಕಿನಲ್ಲಿ ‘ಥ’, ಲ್ಯಾಟಿನ್ನಿನಲ್ಲಿ ‘ಬ’, ಇಂಗ್ಲಿಷಿನಲ್ಲಿ ‘ಡ’ ಆಗಿದೆ. ಗ್ರೀಕರು ಕೆಂಪು ಸಮುದ್ರಕ್ಕೆ ಇಟ್ಟ ಹೆಸರಿನಿಂದಲೇ ಎರಿಟ್ರಿಯ ದೇಶದ ಹೆಸರು ಬಂತು. ರೂಫಸ್, ರಸೆಲ್ ಎಂಬ ಹೆಸರುಗಳೂ ಇದೇ ಬಳ್ಳಿಯವು. ಕೆಂಗೂದಲಿನವನು ಎಂದು ಅರ್ಥ. ರೋರಿಯಲ್ಲಿ ಎರಡು ಮಾತುಗಳು ಸೇರಿವೆ. ಮೊದಲರ್ಧ ರುಧಿರದ ನೆಂಟ. ಎರಡನೆಯ ಅರ್ಧ ‘ರೀ’, ರಾಜ ಎಂದು ಅರ್ಥ. ಅದು ನಮ್ಮ ರಾಜ ಶಬ್ದದ ನೆಂಟ. ಮಗನ ಸ್ನೇಹಿತನ ಪುಟ್ಟ ಹೆಸರಿನ ಎರಡೂ ತುದಿಗಳನ್ನು ಸಂಸ್ಕೃತದೊಂದಿಗೆ ಕೂಡಿಸಬಹುದು.

ಆದರೆ ಕೆಂಪು ಆ ಬಳಗಕ್ಕೆ ಸೇರುವುದಿಲ್ಲ. ಕೆಂಪು, ಚೆಂಗಪ್ಪ, ಕೆಂಚಿ ದ್ರಾವಿಡ ಬೇರಿನವು. ರೋಹಿತ, ರೆಡ್, ರೋರಿ ಇಂಡೋ-ಯುರೋಪಿಯನ್ ಬೇರಿನವು. ಎರಡೂ ಬೇರೆ ಬೇರೆ ಭಾಷಾ ಕುಟುಂಬಗಳು, ಬಣ್ಣವಷ್ಟೇ ಒಂದು. ಇದಕ್ಕೊಂದು ಚೆಂದದ ಸಾಕ್ಷಿಯಿದೆ. ಸಂಸ್ಕೃತದಲ್ಲಿ ಲೋಹ ಎಂಬುದು ಲೋಹಿತದ ಸಂಬಂಧಿ. ಮೊದಮೊದಲು ಅದು ಸೂಚಿಸಿದ್ದು ಕೆಂಪಾದ ತಾಮ್ರವನ್ನು. ದ್ರಾವಿಡರ ಚೆಂಬು ಕೂಡ ತಾಮ್ರವೇ ಎಂದು ಆಗಲೇ ನೋಡಿದೆವು. ಒಬ್ಬರಿಂದ ಒಬ್ಬರು ಪದ ಕಡ ತರದೆ, ಎರಡು ಕಡೆಯ ಜನ ಅದೇ ಲೋಹವನ್ನು ನೋಡಿ ಅದರ ಬಣ್ಣವನ್ನೇ ಹೆಸರು ಮಾಡಿಕೊಂಡರು.

ಶಿವ ಎಂಬ ಹೆಸರೇ ತಮಿಳಿನ ‘ಚಿವಪ್ಪು’ (ಕೆಂಪು) ಎಂಬುದರಿಂದ ಬಂದದ್ದು ಎಂಬ ವಾದವನ್ನು ನೀವೂ ಕೇಳಿರಬಹುದು. ಋಗ್ವೇದದಲ್ಲಿ ಶಿವ ಎಂಬುದು ಮಂಗಳಕರ ಎಂಬ ಅರ್ಥದ ವಿಶೇಷಣ. ಕೆಂಪಿನ ವಾದ ಆಕರ್ಷಕವಾಗಿದೆ, ಆದರೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ನಾನೂ ಅದನ್ನು ಒಪ್ಪಿಲ್ಲ. ನಿಸ್ಸಂದೇಹವಾಗಿ ಕೆಂಪಾದ ದೇವರು ಬೇಕಿದ್ದರೆ ಇನ್ನೊಬ್ಬನಿದ್ದಾನೆ. ಬೆಟ್ಟಸೀಮೆಯ ದೇವರಾದ ಮುರುಗನನ್ನು ಹಳೆಯ ತಮಿಳು ವ್ಯಾಕರಣ ತೊಲ್ಕಾಪ್ಪಿಯಂ ‘ಚೇಯೋನ್’ ಎಂದು ಕರೆಯುತ್ತದೆ, ಅಂದರೆ ಕೆಂಪನೆಯವನು. ನಮ್ಮ ‘ಕೆಂ’ ಬೇರಿನದೇ ಪದ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನನ್ನು ಸುಬ್ರಹ್ಮಣ್ಯನೆಂದು ಭಾವಿಸುವ ಕೊಡಗಿನವರಿಗೆ ಈ ಹೆಸರು ದೂರದ್ದೆನಿಸಲಾರದು.

ಮಗ ಸೂಚಿಸಿದ ರೋಹನಾ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ರೋಹನ್ ಎಂಬುದು ‘ರುಹ್’ ಧಾತುವಿನದು; ಏರುವುದು, ಬೆಳೆಯುವುದು ಎಂದು ಅರ್ಥ. ಆರೋಹಣ, ಅವರೋಹಣಗಳಲ್ಲಿ ಇರುವುದು ಅದೇ. 2024ರಲ್ಲಿ, 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ಮೊದಲ ಸ್ಥಾನಕ್ಕೇರಿದ ನಮ್ಮ ರೋಹನ್ ಬೋಪಣ್ಣ ಅವರಿಗೆ ಆ ಅರ್ಥ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆದರೆ ಅದರಲ್ಲಿ ಕೆಂಪು ಇಲ್ಲ. ರೋಹಿಣಿಯಲ್ಲಿ ಇದೆ. ಹರಿತಕ್ಕೆ ಹರಿಣಿ ಇರುವಂತೆ ರೋಹಿತಕ್ಕೆ ಸ್ತ್ರೀಲಿಂಗ ರೂಪ ರೋಹಿಣಿ. ಆಕಾಶದ ರೋಹಿಣಿ ನಕ್ಷತ್ರವೂ ಬರಿಗಣ್ಣಿಗೆ ಕೆಂಪಾಗಿಯೇ ಕಾಣುತ್ತದೆ.

ಹೀಗೆ ಕೆಂಪೆಂದು ಭ್ರಮೆ ಹುಟ್ಟಿಸುವ, ಕೆಂಪಾಗಿದ್ದೂ ಹಾಗೆ ತೋರದ ಹೆಸರುಗಳು ಇನ್ನೂ ಇವೆ. ಅರುಣ ಕೆಂಪು, ಅರುಂಧತಿ ಅಲ್ಲ. ರಂಜಿತಾ ಎಂಬ ಹೆಸರಿನ ‘ರಂಜ್’ ಧಾತುವಿಗೆ ಬಣ್ಣ ಹತ್ತು, ಕೆಂಪೇರು ಎಂಬ ಅರ್ಥವಿದೆ. ರಕ್ತ, ರಾಗ, ಅನುರಾಗ ಎಲ್ಲವೂ ಅದರವೇ. ಮುಸ್ಲಿಂ ಮನೆಗಳ ಹುಮೈರಾ ಎಂಬ ಹೆಸರಿಗೆ ಅರಬ್ಬಿಯಲ್ಲಿ ‘ಪುಟ್ಟ ಕೆಂಪಿ’ ಎಂದು ಅರ್ಥ. ಪ್ರವಾದಿಯವರ ಪತ್ನಿ ಆಯಿಷಾ ಅವರಿಗಿದ್ದ ಮುದ್ದಿನ ಹೆಸರು ಅದು. ಅಹ್ಮರ್ ಎಂದರೆ ಕೆಂಪು, ಅಹ್ಮದ್ ಎಂಬುದು ಸ್ತುತಿಗೆ ಸಂಬಂಧಿಸಿದ ಬೇರೆಯೇ ಧಾತು. ಹೀಬ್ರೂವಿನ ಆದಾಮನನ್ನು ಕೆಂಪು, ಮಣ್ಣು ಎಂಬ ಎರಡೂ ಮಾತುಗಳ ಜೊತೆ ಓದುತ್ತಾರೆ. ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನು ತೆರೆದರೆ ಕೆಂಚಿಗೆ ಅರ್ಥದಲ್ಲಿ ಒಡಹುಟ್ಟಿದವರು ಒಬ್ಬಿಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಅವರನ್ನು ಒಂದೇ ಬೆಂಚಿನಲ್ಲಿ ಕೂರಿಸಿ, ಹೆಸರಿನ ಅರ್ಥವನ್ನು ಅವರ ಬಾಯಲ್ಲೇ ಹೇಳಿಸಿ.

ಮೊಮ್ಮಗಳಿಗೆ ಏನೆಂದು ಕರೆಯಬೇಕು ಎಂಬುದು ನಿಮ್ಮ ಮನೆಯವರ ತೀರ್ಮಾನ. ಕೇಳಿದ್ದೀರಿ, ಹೇಳುತ್ತೇನೆ. ಪೊನ್ನಪ್ಪನಿಗೆ ಪೊನ್ನಮ್ಮ ಇರುವಂತೆ ಚೆಂಗಪ್ಪನಿಗೆ ಚೆಂಗಮ್ಮ ಎಂಬುದೇ ನನ್ನ ಮೊದಲ ಆಯ್ಕೆ. ಅರ್ಥದ ಜೊತೆಗೆ ಅಜ್ಜನ ಹೆಸರಿನ ಧ್ವನಿಯೂ ಉಳಿಯುತ್ತದೆ. ಅದು ತೀರ ಹಳೆಯದೆನಿಸಿದರೆ ರೋಹಿಣಿ ಇರಲಿ. ಡಬ್ಲಿನ್‌ನಲ್ಲಿ ಉಚ್ಚರಿಸಲು ತೊಡಕಿಲ್ಲ, ರೋರಿಗೆ ಅವಳು ನಿಜವಾದ ನೆಂಟಳೂ ಆಗುತ್ತಾಳೆ. ಎರಡನ್ನೂ ಸೇರಿಸಿ, ಒಂದನ್ನು ಮನೆಗೆ ಒಂದನ್ನು ಶಾಲೆಗೆ ಎಂದು ಇಡುವ ರೂಢಿಯೂ ನಮ್ಮಲ್ಲಿದೆ. ಮಗು ಇಲ್ಲೇ ಹುಟ್ಟಿದ್ದರೆ ಅವಸರ ಬೇಡ: ಜನನ ನೋಂದಣಿಯನ್ನು ಮಾತ್ರ ಈಗಲೇ ಮಾಡಿಸಿ, ಹೆಸರನ್ನು ನೋಂದಣಿಯ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಅದಾದ ಮೇಲೂ ಶುಲ್ಕ ಕೊಟ್ಟು 15 ವರ್ಷದವರೆಗೆ ಸೇರಿಸಲು ಅವಕಾಶವಿದೆ. ಅಣ್ಣನೂ ಭಾವನೂ ಅಷ್ಟರೊಳಗೆ ಒಂದು ಮಾತಿಗೆ ಬರುತ್ತಾರೆಂದು ನಂಬಿದ್ದೇನೆ.